ಕಾರಣ ಹೇಳದ ದುರಸ್ತಿಯನ್ನು ನಂಬುವುದು ಹೇಗೆ?

ಮನೆಯ ಮಿಕ್ಸಿ ಕೆಟ್ಟು, ದುರಸ್ತಿಯಾಗಿ ಬಂದು, ಮತ್ತೆ ಕೆಟ್ಟರೆ ಅಂದಿನ ಚಟ್ನಿ ತಪ್ಪುತ್ತದೆ, ಅಷ್ಟೆ. ಸ್ಕೂಟರು ಹಾಗೆ ಮಾಡಿದರೆ ಕಚೇರಿಗೆ ತಡವಾಗುತ್ತದೆ. ದುರಸ್ತಿಯಾದ ವಸ್ತುಗಳನ್ನು ನಾವು ಬಳಸುತ್ತ ಬಳಸುತ್ತಲೇ ನಂಬಲು ಕಲಿಯುತ್ತೇವೆ; ನಂಬಿಕೆ ಸುಳ್ಳಾದರೂ ತೆರಬೇಕಾದ ಬೆಲೆ ದೊಡ್ಡದಲ್ಲ. ಆದರೆ ರಿವಾಲ್ವರ್ ಈ ಲೆಕ್ಕಕ್ಕೆ ಒಗ್ಗುವ ವಸ್ತುವಲ್ಲ. ಅದು ವರ್ಷಗಟ್ಟಲೆ ಕಪಾಟಿನಲ್ಲಿ ಸುಮ್ಮನಿರುತ್ತದೆ. ಬೇಕಾದಾಗ ಆ ಕ್ಷಣದಲ್ಲೇ ಕೆಲಸ ಮಾಡಬೇಕು, ಬೇಡವಾದಾಗ ಎಂದಿಗೂ ಮಾಡಬಾರದು. ಒಮ್ಮೆ ಕೈಕೊಟ್ಟು, ತಯಾರಿಸಿದ ಕಾರ್ಖಾನೆಗೇ ಹೋಗಿ, ‘ಸರಿಪಡಿಸಲಾಗಿದೆ’ ಎಂಬ ಚೀಟಿಯೊಡನೆ ಮರಳಿ ಬಂದ ರಿವಾಲ್ವರನ್ನು ಅದರ ಪರವಾನಗಿದಾರ ನಂಬಬೇಕೇ, ಬೇಡವೇ? ಮೇಲುನೋಟಕ್ಕೆ ಕಾಣುವಷ್ಟು ಸಣ್ಣ ಪ್ರಶ್ನೆ ಇದಲ್ಲ.

ಬಂದೂಕು ಹಿಡಿದವರ ಸಮಸ್ಯೆ ನಮಗೇಕೆ ಎಂದು ಬಹುಪಾಲು ಓದುಗರು ಕೇಳಬಹುದು. ಕೇಳುವುದು ಸಹಜ. ಆದರೆ ದೋಷವುಳ್ಳ ರಿವಾಲ್ವರ್ ಒಡೆಯನ ಮನೆಯೊಳಗೇ ಇರುವುದಿಲ್ಲ. ಬ್ಯಾಂಕಿನ ಬಾಗಿಲಲ್ಲಿ, ಮದುವೆ ಮನೆಯಲ್ಲಿ, ಕಾರಿನ ಸೀಟಿನ ಕೆಳಗೆ, ಪಕ್ಕದ ಫ್ಲ್ಯಾಟಿನ ಗೋಡೆಯಾಚೆ ಅದು ಇದ್ದೇ ಇರುತ್ತದೆ. ಅಂಥ ಆಯುಧ ಕೈಜಾರಿ ಬಿದ್ದು ಗುಂಡು ಹಾರಿದರೆ, ಆ ಗುಂಡು ಪರವಾನಗಿಯಲ್ಲಿರುವ ಹೆಸರನ್ನು ಓದಿಕೊಂಡು ಹೋಗುವುದಿಲ್ಲ. ಆದ್ದರಿಂದ ಇದು ಕೆಲವೇ ಜನರ ಆಸ್ತಿಯ ಪ್ರಶ್ನೆಯಾಗಿದ್ದರೂ ಎಲ್ಲರ ಸುರಕ್ಷತೆಯ ಪ್ರಶ್ನೆಯೂ ಹೌದು.

ರಿವಾಲ್ವರ್ ನೋಡಲು ಸರಳ. ನಳಿಕೆಯ ಹಿಂದೆ ತಿರುಗುವ ಒಂದು ಸಿಲಿಂಡರ್; ಅದರಲ್ಲಿ ಸಾಮಾನ್ಯವಾಗಿ ಆರು ಕೊರೆಗಳು; ಪ್ರತಿ ಕೊರೆಯಲ್ಲೂ ಒಂದು ಕಾಡತೂಸು. ಟ್ರಿಗರ್ ಎಳೆದಂತೆ ಸಿಲಿಂಡರ್ ಒಂದು ಹೆಜ್ಜೆ ತಿರುಗಿ, ಹೊಸ ಕಾಡತೂಸು ನಳಿಕೆಯ ನೇರಕ್ಕೆ ಬಂದು, ಒಂದು ಪುಟ್ಟ ಅಗುಳಿ ಅದನ್ನು ಅಲ್ಲೇ ಬಿಗಿಹಿಡಿಯುತ್ತದೆ. ಆಮೇಲೆ ಹ್ಯಾಮರ್ ಬಿದ್ದು, ಫೈರಿಂಗ್ ಪಿನ್ ಕಾಡತೂಸಿನ ತಳದ ಪ್ರೈಮರನ್ನು ಕುಟ್ಟುತ್ತದೆ. ಈ ಸರಣಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಫಲ ಬೇರೆಯಾಗುತ್ತದೆ. ಸ್ಪ್ರಿಂಗ್ ಸೋತಿದ್ದರೆ ಪೆಟ್ಟು ಸಾಲದೆ ಗುಂಡು ಹಾರುವುದಿಲ್ಲ. ಅಗುಳಿ ತಡವಾಗಿ ಬಿದ್ದರೆ ಕೊರೆಗೂ ನಳಿಕೆಗೂ ನೇರ ತಪ್ಪಿ, ಸೀಸದ ಚೂರುಗಳು ಪಕ್ಕದಲ್ಲಿ ನಿಂತವರತ್ತ ಸಿಡಿಯುತ್ತವೆ. ಹ್ಯಾಮರನ್ನು ತಡೆಹಿಡಿಯುವ ಕಚ್ಚು ಸವೆದಿದ್ದರೆ ಟ್ರಿಗರ್ ಮುಟ್ಟದೆಯೇ ಗುಂಡು ಹಾರಬಹುದು. ಬೇಕಾದಾಗ ಹಾರದಿರುವುದು, ಬೇಡದಾಗ ಹಾರುವುದು, ಹಾರಿದರೂ ದಾರಿ ತಪ್ಪುವುದು: ರಿವಾಲ್ವರಿನ ದೋಷಗಳೆಲ್ಲ ಕಡೆಗೆ ಈ ಮೂರರಲ್ಲಿ ಒಂದಾಗುತ್ತವೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ರಿವಾಲ್ವರಿನ ಒಳಭಾಗಗಳಲ್ಲಿ ಹಲವನ್ನು, ವಿಶೇಷವಾಗಿ ಹಳೆಯ ವಿನ್ಯಾಸಗಳಲ್ಲಿ, ಕೈಯಿಂದ ಅರ ಹಾಕಿ ಆಯಾ ಆಯುಧಕ್ಕೆ ಹೊಂದಿಸಬೇಕಾಗುತ್ತದೆ. ಒಂದು ಭಾಗವನ್ನು ಬದಲಿಸಿದರೆ ಅದರೊಡನೆ ತಾಗುವ ಮತ್ತೆರಡು ಭಾಗಗಳ ಹೊಂದಾಣಿಕೆಯೂ ಬದಲಾಗುತ್ತದೆ. ಎಂದರೆ, ದುರಸ್ತಿಯಾಗಿ ಬಂದದ್ದು ಹಳೆಯ ರಿವಾಲ್ವರೇ ಅಲ್ಲ; ಹಳೆಯ ಸಂಖ್ಯೆ ಹೊತ್ತ, ಪರೀಕ್ಷೆಗೆ ಒಳಪಡದ ಹೊಸ ಯಂತ್ರ. ಹಿಂದೆ ಇಪ್ಪತ್ತು ವರ್ಷ ತೊಂದರೆ ಕೊಡದೆ ಇತ್ತು ಎಂಬ ಅನುಭವ ಈ ಹೊಸ ಯಂತ್ರಕ್ಕೆ ಸಾಕ್ಷಿಯಾಗಲಾರದು.

ಹಾಗಾದರೆ ಕೆಲವು ಗುಂಡು ಹಾರಿಸಿ ನೋಡಿದರಾಯಿತಲ್ಲ ಎನ್ನಬಹುದು. ಲೆಕ್ಕ ಹಾಕಿದರೆ ಈ ಸಮಾಧಾನ ನಿಲ್ಲುವುದಿಲ್ಲ. ಸರಾಸರಿ 50 ಗುಂಡಿಗೆ ಒಮ್ಮೆ ಕೈಕೊಡುವ ದೋಷವೊಂದಿದೆ ಎಂದುಕೊಳ್ಳೋಣ. ದುರಸ್ತಿಯಿಂದ ಅದು ಕಿಂಚಿತ್ತೂ ವಾಸಿಯಾಗಿಲ್ಲ ಎಂದೇ ಇಟ್ಟುಕೊಳ್ಳೋಣ. ಆಗಲೂ ಒಂದು ಸುತ್ತು, ಅಂದರೆ 6 ಗುಂಡುಗಳನ್ನು ಹಾರಿಸಿದರೆ, 100ರಲ್ಲಿ ಸುಮಾರು 89 ಬಾರಿ ಯಾವ ತೊಂದರೆಯೂ ಕಾಣಿಸಿಕೊಳ್ಳುವುದಿಲ್ಲ. 50 ಗುಂಡು ಹಾರಿಸಿದರೂ ಸುಮಾರು 36 ಬಾರಿ ದೋಷ ಮರೆಯಲ್ಲೇ ಉಳಿಯುತ್ತದೆ. ಹೀಗೆ ಮೋಸಹೋಗುವ ಸಂಭವವನ್ನು 100ಕ್ಕೆ 5ರ ಮಟ್ಟಕ್ಕೆ ಇಳಿಸಲು ಒಂದೂ ತಪ್ಪದೆ ಸುಮಾರು 150 ಗುಂಡು ಹಾರಬೇಕು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿದ್ದು ಇಂಥ ಸಂದರ್ಭಕ್ಕೇ ಇರಬೇಕು.

ನಮ್ಮ ದೇಶದಲ್ಲಿ ಸಾಮಾನ್ಯ ಪರವಾನಗಿದಾರನೊಬ್ಬ 150 ಗುಂಡುಗಳನ್ನು ಪರೀಕ್ಷೆಗೆಂದೇ ಸುಡುವುದು ಸುಲಭದ ಮಾತಲ್ಲ. ಎಷ್ಟು ಕಾಡತೂಸು ಕೊಳ್ಳಬಹುದು, ಒಮ್ಮೆಗೆ ಎಷ್ಟು ಇಟ್ಟುಕೊಳ್ಳಬಹುದು ಎಂಬುದನ್ನು ಪರವಾನಗಿಯೇ ನಿಗದಿಪಡಿಸುತ್ತದೆ. ಕಾಡತೂಸಿನ ಬೆಲೆಯೂ ಕಡಿಮೆಯಲ್ಲ. ಮನೆಯ ಹಿತ್ತಿಲಲ್ಲೋ ತೋಟದಲ್ಲೋ ಹಾರಿಸಿ ನೋಡುವುದು ವಿವೇಕವೂ ಅಲ್ಲ, ಕಾನೂನಿನ ದೃಷ್ಟಿಯಿಂದ ಕ್ಷೇಮವೂ ಅಲ್ಲ. ಸಂಭ್ರಮಾಚರಣೆಯ ನೆಪದಲ್ಲಿ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಲು 2019ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಈ ನಿರ್ಬಂಧಗಳು ಬೇಡವೆಂದು ಯಾರೂ ಹೇಳಲಾರರು. ಆದರೆ ಅವುಗಳ ಪರಿಣಾಮವನ್ನು ಗುರುತಿಸಬೇಕು: ಗುಂಡು ಹಾರಿಸಿ ಹಾರಿಸಿ ನಂಬಿಕೆ ಸಂಪಾದಿಸುವ ದಾರಿ ನಮ್ಮ ಪರವಾನಗಿದಾರನಿಗೆ ಬಹುಮಟ್ಟಿಗೆ ಮುಚ್ಚಿದೆ.

ಉಳಿದಿರುವ ದಾರಿ ಒಂದೇ. ಅದು ಕಾರಣ. ಮುರಿದದ್ದು ಯಾವ ಭಾಗ, ಏಕೆ ಮುರಿಯಿತು, ಬದಲಿಗೆ ಏನು ಹಾಕಲಾಯಿತು ಎಂಬುದು ತಿಳಿದರೆ, ಮತ್ತು ಆ ಕಾರಣ ಒಡೆಯ ಕಂಡ ದೋಷಕ್ಕೆ ತಾಳೆಯಾದರೆ, ಕೆಲವೇ ಹತ್ತು ಗುಂಡುಗಳ ಪರೀಕ್ಷೆಗೂ ಅರ್ಥ ಬರುತ್ತದೆ. ಉದಾಹರಣೆಗೆ, ಒಂದು ಕಾಡತೂಸು ಮೊದಲ ಪೆಟ್ಟಿಗೆ ಹಾರದೆ ಎರಡನೆಯ ಪೆಟ್ಟಿಗೆ ಹಾರಿತು ಎನ್ನೋಣ. ಪೆಟ್ಟಿನ ಬಲ ಸಾಲದು ಎಂಬ ಅನುಮಾನ ಸಹಜ. ಪ್ರೈಮರ್ ಸರಿಯಾಗಿ ಕೂತಿರಲಿಲ್ಲ ಎಂಬ ಸಾಧ್ಯತೆಯೂ ಉಂಟು. ಕಾರ್ಖಾನೆ ಸ್ಪ್ರಿಂಗನ್ನು ಅಳೆದು, ಸೋತಿದೆ ಎಂದು ಬರೆದು, ಬದಲಿಸಿದ್ದರೆ ಕಥೆ ಪೂರ್ಣವಾಗುತ್ತದೆ. ಅದರ ಬದಲು ‘ಶುಚಿಗೊಳಿಸಿ, ಎಣ್ಣೆ ಹಾಕಿ, ಪರೀಕ್ಷಿಸಲಾಗಿದೆ, ದೋಷ ಕಂಡುಬಂದಿಲ್ಲ’ ಎಂದು ಬರೆದಿದ್ದರೆ? ದೋಷ ಕಾಣಲಿಲ್ಲ ಎಂಬುದಕ್ಕೂ ದೋಷ ಇಲ್ಲ ಎಂಬುದಕ್ಕೂ ಅಜಗಜಾಂತರ. ಕಾರಣ ಸಿಗದ ದುರಸ್ತಿ ದುರಸ್ತಿಯಲ್ಲ. ಅದು ದೋಷವನ್ನು ಮುಂದಿನ ಸಲಕ್ಕೆ ಮುಂದೂಡುವ ಕ್ರಮ ಮಾತ್ರ.

ಕಾರಣವನ್ನು ಬಯಲು ಮಾಡಿ ನಂಬಿಕೆ ಮರಳಿಸಿದ ನಿದರ್ಶನಗಳು ರಿವಾಲ್ವರಿನ ಚರಿತ್ರೆಯಲ್ಲೇ ಇವೆ. ನಾಗರಿಕರ ಕೈಯಲ್ಲಿ ಅತಿ ಹೆಚ್ಚು ಬಂದೂಕುಗಳಿರುವ ಅಮೆರಿಕದ ಮೂರು ಪ್ರಸಂಗಗಳು ಇಲ್ಲಿ ಪ್ರಸ್ತುತ. ಎರಡನೆಯ ಮಹಾಯುದ್ಧದ ಕಾಲ. 1944ರ ಕೊನೆಯ ಭಾಗದಲ್ಲಿ ಅಲ್ಲಿನ ನೌಕಾಪಡೆಯ ಹಡಗೊಂದರ ಡೆಕ್ಕಿನ ಮೇಲೆ ಬಿದ್ದ ಸ್ಮಿತ್ ಅಂಡ್ ವೆಸನ್ ಕಂಪನಿಯ ‘ವಿಕ್ಟರಿ’ ಮಾದರಿಯ ರಿವಾಲ್ವರ್ ಸಿಡಿದು ನಾವಿಕನೊಬ್ಬ ಸತ್ತ. ಹ್ಯಾಮರನ್ನು ತಡೆಯಬೇಕಾಗಿದ್ದ ಅಡ್ಡಪಟ್ಟಿ ಸ್ಪ್ರಿಂಗಿನ ಬಲವನ್ನೇ ನೆಚ್ಚಿಕೊಂಡಿತ್ತು. ಕಂಪನಿ ಅದನ್ನು ಕೈಬಿಟ್ಟು, ಟ್ರಿಗರಿನ ಚಲನೆಯೇ ಒಯ್ದು ತಂದು ನಿಲ್ಲಿಸುವ ಹೊಸ ಅಡ್ಡಪಟ್ಟಿಯನ್ನು ರೂಪಿಸಿತು. ಹೊಸ ಅಡ್ಡಪಟ್ಟಿಯುಳ್ಳ ರಿವಾಲ್ವರುಗಳ ಸಂಖ್ಯೆಯ ‘ವಿ’ ಅಕ್ಷರದ ಹಿಂದೆ ‘ಎಸ್’ ಎಂಬ ಅಕ್ಷರ ಸೇರಿತು. ಆಯುಧವನ್ನು ಕೈಗೆತ್ತಿಕೊಂಡ ಯಾರಿಗೇ ಆಗಲಿ, ಅದು ಸುಧಾರಣೆಗೆ ಮುಂಚಿನದೋ ನಂತರದ್ದೋ ಎಂಬುದು ಆ ಒಂದು ಅಕ್ಷರದಿಂದ ತಿಳಿಯುತ್ತಿತ್ತು.

ಎರಡನೆಯದು ರೂಗರ್ ಕಂಪನಿಯದು. 1953ರಿಂದ 1972ರವರೆಗೆ ಅದು ಮಾಡಿದ ಒಂದು ಬಗೆಯ ರಿವಾಲ್ವರುಗಳಲ್ಲಿ ಹ್ಯಾಮರಿನ ಕೆಳಗೆ ಕಾಡತೂಸು ಇದ್ದಾಗ, ಆಯುಧ ಬಿದ್ದು ಹ್ಯಾಮರಿಗೆ ಪೆಟ್ಟಾದರೆ ಗುಂಡು ಹಾರುವ ಅಪಾಯವಿತ್ತು. ಆದ್ದರಿಂದಲೇ ಬಲ್ಲವರು ಆರು ಕೊರೆಗಳಲ್ಲಿ ಐದನ್ನೇ ತುಂಬಿ ಆರನೆಯದನ್ನು ಖಾಲಿ ಬಿಡುತ್ತಿದ್ದರು. 1973ರ ಹೊಸ ಮಾದರಿಯಲ್ಲಿ ಈ ದೋಷಕ್ಕೆ ಪರಿಹಾರ ಬಂತು. ಮುಂದೆ ಹಳೆಯ ರಿವಾಲ್ವರುಗಳಿಗೂ ಹೊಸ ಸುರಕ್ಷತಾ ಭಾಗಗಳನ್ನು ಉಚಿತವಾಗಿ ಜೋಡಿಸಿಕೊಡುವ ವ್ಯವಸ್ಥೆಯನ್ನು ಕಂಪನಿ ಮಾಡಿತು. ಗಮನಿಸಬೇಕಾದ ಅಂಶವೆಂದರೆ, ತೆಗೆದ ಹಳೆಯ ಭಾಗಗಳನ್ನೂ ಒಡೆಯನಿಗೆ ಹಿಂದಿರುಗಿಸುವ ಪದ್ಧತಿ. ನಮ್ಮ ಊರಿನ ಒಳ್ಳೆಯ ಮೋಟಾರು ಮೆಕ್ಯಾನಿಕ್ ಕೂಡ ಸವೆದ ಬೇರಿಂಗನ್ನು ಕಾಗದದಲ್ಲಿ ಸುತ್ತಿ ಗಿರಾಕಿಯ ಕೈಗಿಡುತ್ತಾನೆ. ‘ಇದೇ ನೋಡಿ ಸ್ವಾಮಿ, ಕೆಟ್ಟಿದ್ದು’ ಎಂಬ ಆ ಒಂದು ಮಾತಿಗೆ ಹತ್ತು ರಸೀದಿಗಳ ತೂಕವಿದೆ.

ಮೂರನೆಯದು 1987ರದು. ಸ್ಮಿತ್ ಅಂಡ್ ವೆಸನ್ ಕಂಪನಿಯ 586 ಮತ್ತು 686 ಸಂಖ್ಯೆಯ ರಿವಾಲ್ವರುಗಳಲ್ಲಿ ಕೆಲವು ಬಗೆಯ ಪಾಯಿಂಟ್ 357 ಮ್ಯಾಗ್ನಂ ಕಾಡತೂಸುಗಳನ್ನು ಹಾರಿಸಿದಾಗ, ಪ್ರೈಮರಿನ ಲೋಹ ಫೈರಿಂಗ್ ಪಿನ್ನಿನ ರಂಧ್ರದೊಳಕ್ಕೆ ಉಬ್ಬಿ ಸಿಲಿಂಡರ್ ತಿರುಗದೆ ಸಿಕ್ಕಿಕೊಳ್ಳುತ್ತಿತ್ತು. ಕಂಪನಿ ಅವುಗಳನ್ನು ವಾಪಸು ಕರೆದು, ಸಂಬಂಧಪಟ್ಟ ಭಾಗಗಳನ್ನು ಬದಲಿಸಿ, ಮಾದರಿ ಸಂಖ್ಯೆಯ ಬಳಿ ‘ಎಂ’ ಎಂಬ ಅಕ್ಷರವನ್ನು ಒತ್ತಿತು. ಹಳೆಯ ರಿವಾಲ್ವರ್ ಕೊಳ್ಳುವವರು ಇಂದಿಗೂ ಸಿಲಿಂಡರನ್ನು ಹೊರಗೆ ಸರಿಸಿ ಆ ಅಕ್ಷರ ಇದೆಯೇ ಎಂದು ನೋಡುತ್ತಾರೆ. ದೋಷ ಯಾವುದು, ಯಾವ ಕಾಡತೂಸಿನಿಂದ, ಪರಿಹಾರವೇನು ಎಂಬುದು ಬಹಿರಂಗವಾಗಿದ್ದರಿಂದ ದುರಸ್ತಿಯ ಗುರುತು ಕಳಂಕವಾಗದೆ ಭರವಸೆಯಾಯಿತು.

ಅಮೆರಿಕದ ವ್ಯವಸ್ಥೆಯೇ ಆದರ್ಶ ಎಂದು ಇದರ ಅರ್ಥವಲ್ಲ. ಅಲ್ಲಿ 1972ರಲ್ಲಿ ಜಾರಿಗೆ ಬಂದ ಗ್ರಾಹಕ ವಸ್ತು ಸುರಕ್ಷತಾ ಕಾಯ್ದೆಯ ವ್ಯಾಪ್ತಿಯಿಂದ ಬಂದೂಕುಗಳನ್ನು ಹೊರಗಿಡಲಾಗಿದೆ. ಮಕ್ಕಳ ಆಟಿಕೆಯನ್ನು ಮಾರುಕಟ್ಟೆಯಿಂದ ವಾಪಸು ತರಿಸಬಲ್ಲ ಆಯೋಗಕ್ಕೆ ದೋಷವುಳ್ಳ ರಿವಾಲ್ವರನ್ನು ಮುಟ್ಟುವ ಅಧಿಕಾರವಿಲ್ಲ. ಅಲ್ಲಿ ಕಂಪನಿಗಳು ಆಯುಧಗಳನ್ನು ವಾಪಸು ಕರೆದರೆ ಅದು ಬಹುತೇಕ ಮೊಕದ್ದಮೆಯ ಭಯದಿಂದ, ಗಿರಾಕಿ ಕೈಬಿಟ್ಟಾನು ಎಂಬ ಅಳುಕಿನಿಂದ. ತಯಾರಕನ ಒಳ್ಳೆಯತನವನ್ನೇ ನೆಚ್ಚಿದ ಸುರಕ್ಷತೆ ಎಷ್ಟು ದಿನ ಬಾಳೀತು?

ಈ ದೃಷ್ಟಿಯಿಂದ ನೋಡಿದರೆ ನಮ್ಮ ಸ್ಥಿತಿ ಕಾಗದದ ಮೇಲಾದರೂ ಉತ್ತಮ. ವಿದೇಶಿ ರಿವಾಲ್ವರುಗಳ ಆಮದು ಸಾಮಾನ್ಯ ನಾಗರಿಕರಿಗೆ ಮುಚ್ಚಿ ದಶಕಗಳೇ ಕಳೆದಿವೆ. ಪರವಾನಗಿದಾರರು ಬಹುಕಾಲ ನೆಚ್ಚಿಕೊಂಡು ಬಂದದ್ದು ಸರ್ಕಾರಿ ಕಾರ್ಖಾನೆಗಳು ಮಾಡಿದ ಪಾಯಿಂಟ್ 32 ರಿವಾಲ್ವರುಗಳನ್ನು. ಮಹಿಳೆಯರಿಗೆಂದು 2014ರಲ್ಲಿ ಕಾನ್ಪುರದಿಂದ ಬಂದ, ಸುಮಾರು 500 ಗ್ರಾಂ ತೂಕದ ‘ನಿರ್ಭೀಕ್’ ಬಹಳ ಸುದ್ದಿ ಮಾಡಿತ್ತು. ಆಗ ಅದರ ಬೆಲೆ ಸುಮಾರು 1.22 ಲಕ್ಷ ರೂಪಾಯಿ. 2021ರ ಅಕ್ಟೋಬರ್ 1ರಂದು ಆರ್ಡ್‌ನೆನ್ಸ್ ಫ್ಯಾಕ್ಟರಿ ಮಂಡಳಿಯನ್ನು ವಿಸರ್ಜಿಸಿ, ಅದರ 41 ಕಾರ್ಖಾನೆಗಳನ್ನು ಏಳು ಕಂಪನಿಗಳಿಗೆ ಹಂಚಲಾಯಿತು. ರಿವಾಲ್ವರ್ ತಯಾರಿಕೆ ಕಾನ್ಪುರದಲ್ಲಿ ಕೇಂದ್ರ ಕಚೇರಿಯುಳ್ಳ ಅಡ್ವಾನ್ಸ್‌ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಕಂಪನಿಯ ಪಾಲಿಗೆ ಬಂತು. 2023ರಲ್ಲಿ ಅದು ‘ಪ್ರಬಲ್’ ಎಂಬ ಹೊಸ ರಿವಾಲ್ವರನ್ನು ಹೊರತಂದಿತು. ಪರವಾನಗಿ ಕೊಡುವುದೂ ಸರ್ಕಾರ, ಈ ಆಯುಧಗಳನ್ನು ಮಾಡುವ ಕಂಪನಿಯ ಒಡೆತನವೂ ಸರ್ಕಾರದ್ದು. ಎರಡೂ ಅಧಿಕಾರಗಳು ಒಂದೇ ಕೈಯಲ್ಲಿದ್ದಾಗ ಹೊಣೆಯೂ ಇಮ್ಮಡಿಯಾಗಬೇಕಲ್ಲವೇ?

ಕಾನೂನಿನಲ್ಲಿ ಇದಕ್ಕೆ ಆಸರೆಯಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಸ್ತುವನ್ನು ತಯಾರಿಸಿದವರನ್ನಷ್ಟೇ ಅಲ್ಲ, ಅದಕ್ಕೆ ಸಂಬಂಧಿಸಿದ ಸೇವೆ ಒದಗಿಸಿದವರನ್ನೂ ಹೊಣೆಗಾರರನ್ನಾಗಿಸುತ್ತದೆ. ಅಪಾಯಕಾರಿ ವಸ್ತುಗಳನ್ನು ವಾಪಸು ಕರೆಸುವ ಅಧಿಕಾರವನ್ನು ಅದರ 20ನೆಯ ಸೆಕ್ಷನ್ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಕೊಟ್ಟಿದೆ. ಆ ಸೆಕ್ಷನ್‌ನಲ್ಲಿ ಬಂದೂಕುಗಳನ್ನು ಹೊರಗಿಟ್ಟ ಮಾತಿಲ್ಲ. ಅದೇ ವರ್ಷದ ತಿದ್ದುಪಡಿಯಿಂದ ದೋಷವುಳ್ಳ ಮೋಟಾರು ವಾಹನಗಳನ್ನು ವಾಪಸು ಕರೆಸುವ ಅಧಿಕಾರವೂ ಕೇಂದ್ರ ಸರ್ಕಾರಕ್ಕೆ ಬಂತು. ವಾಹನವಾದರೆ ಒಡೆಯ ಬದಲಾಗಿ, ಊರು ಬದಲಾಗಿ ಹುಡುಕುವುದು ಕಷ್ಟವಾದೀತು. ಪರವಾನಗಿಯುಳ್ಳ ರಿವಾಲ್ವರಿನ ಸಂಖ್ಯೆ, ಒಡೆಯನ ಹೆಸರು, ವಿಳಾಸ ಎಲ್ಲವೂ ಸರ್ಕಾರದ ದಾಖಲೆಯಲ್ಲೇ ಇರುತ್ತವೆ. ಒಂದು ತಂಡದ ಆಯುಧಗಳಲ್ಲಿ ದೋಷ ಕಂಡರೆ ಪ್ರತಿಯೊಬ್ಬ ಒಡೆಯನಿಗೂ ಪತ್ರ ಬರೆಯಲು ಇದಕ್ಕಿಂತ ಒಳ್ಳೆಯ ಅನುಕೂಲ ಇನ್ನಾವ ವಸ್ತುವಿಗಿದೆ?

ಆಗಬೇಕಾದ ಕೆಲಸಗಳು ದೊಡ್ಡವಲ್ಲ. ದುರಸ್ತಿಗೆ ಬಂದ ಪ್ರತಿ ಆಯುಧದೊಡನೆ ಒಂದು ಪತ್ರ ಹೋಗಬೇಕು. ಒಡೆಯ ಹೇಳಿದ ದೋಷವೇನು, ಕಾರ್ಖಾನೆ ಕಂಡ ಕಾರಣವೇನು, ಬದಲಿಸಿದ ಭಾಗಗಳು ಯಾವುವು, ಎಷ್ಟು ಗುಂಡು ಹಾರಿಸಿ ಪರೀಕ್ಷಿಸಲಾಯಿತು, ಯಾವ ಕಾಡತೂಸಿನಿಂದ ಎಂಬುದೆಲ್ಲ ಅದರಲ್ಲಿರಬೇಕು. ಪತ್ರ ಕಳೆದುಹೋದೀತು, ಆದ್ದರಿಂದ ಆಯುಧದ ಮೇಲೂ ದುರಸ್ತಿಯ ಗುರುತು ಬೀಳಬೇಕು. ತೆಗೆದ ಭಾಗವನ್ನು ಒಡೆಯನಿಗೆ ಮರಳಿಸಬೇಕು, ಆಗದಿದ್ದರೆ ಅದರ ಚಿತ್ರವನ್ನಾದರೂ ಕೊಡಬೇಕು. ಕಾರಣ ಸಿಗದಿದ್ದರೆ ಹಾಗೆಂದೇ ಬರೆದು, ಬೇರೆ ಆಯುಧ ಕೊಡುವ ಇಲ್ಲವೇ ಹಣ ಮರಳಿಸುವ ನಿಯಮ ಬರಬೇಕು. 2019ರ ತಿದ್ದುಪಡಿಯ ನಂತರ ಒಬ್ಬ ಸಾಮಾನ್ಯ ಪರವಾನಗಿದಾರ ಎರಡಕ್ಕಿಂತ ಹೆಚ್ಚು ಬಂದೂಕು ಹೊಂದುವಂತಿಲ್ಲ. ಕೆಟ್ಟದ್ದನ್ನು ಮೂಲೆಗಿಟ್ಟು ಹೊಸದನ್ನು ಕೊಳ್ಳುವ ಅನುಕೂಲ ಎಲ್ಲರಿಗೂ ಇಲ್ಲ ಎಂಬುದನ್ನು ಇಲ್ಲಿ ಮರೆಯಬಾರದು.

ರಾಜ್ಯ ಸರ್ಕಾರವೂ ಮಾಡಬಹುದಾದ ಕೆಲಸವಿದೆ. ಪೊಲೀಸ್ ಇಲಾಖೆ ನಮ್ಮ ಜಿಲ್ಲೆಗಳಲ್ಲಿ ನಾಗರಿಕ ಬಂದೂಕು ತರಬೇತಿ ಶಿಬಿರಗಳನ್ನು ನಡೆಸುತ್ತ ಬಂದಿದೆ. ಪರವಾನಗಿ ಬಯಸುವವರು ಸುರಕ್ಷತಾ ತರಬೇತಿ ಪಡೆದಿರಬೇಕೆಂದು 2016ರ ಶಸ್ತ್ರಾಸ್ತ್ರ ನಿಯಮಗಳೂ ಹೇಳುತ್ತವೆ. ಮನುಷ್ಯನಿಗೆ ತರಬೇತಿ ಕಡ್ಡಾಯವಾದರೆ ಅವನ ಕೈಯಲ್ಲಿರುವ ಯಂತ್ರಕ್ಕೆ ಪರೀಕ್ಷೆ ಬೇಡವೇ? ಇಲಾಖೆಯ ಇಲ್ಲವೇ ರೈಫಲ್ ಸಂಘಗಳ ಗುಂಡುಹಾರಿಕೆಯ ಮೈದಾನಗಳಲ್ಲಿ ದುರಸ್ತಿಯಾದ ಆಯುಧಗಳ ಪರೀಕ್ಷೆಗೆಂದು ದಿನ ಗೊತ್ತುಮಾಡಿ, ಅಲ್ಲಿ ಸುಡುವ ಕಾಡತೂಸುಗಳನ್ನು ಪರವಾನಗಿಯ ಮಿತಿಗೆ ಸೇರಿಸದಿದ್ದರೆ ಸಾಕು. ಖಜಾನೆಗೆ ಇದು ಹೊರೆಯಲ್ಲ. ವೆಚ್ಚವನ್ನು ಒಡೆಯನೇ ಭರಿಸುತ್ತಾನೆ.

ಇದೆಲ್ಲ ಆಗುವವರೆಗೆ ಒಡೆಯ ಏನು ಮಾಡಬೇಕು? ಮರಳಿ ಬಂದ ರಿವಾಲ್ವರನ್ನು ಅಂದೇ ತುಂಬಿ ದಿಂಬಿನಡಿ ಇಡಬಾರದು. ಖಾಲಿಯಿದೆ ಎಂಬುದನ್ನು ಎರಡೆರಡು ಬಾರಿ ಖಚಿತಪಡಿಸಿಕೊಂಡು, ಹ್ಯಾಮರನ್ನು ನಿಧಾನವಾಗಿ ಹಿಂದಕ್ಕೆಳೆದಾಗ ಆರೂ ಕೊರೆಗಳಲ್ಲಿ ಸಿಲಿಂಡರ್ ಪೂರ್ತಿ ತಿರುಗಿ ಬಿಗಿಯಾಗಿ ನಿಲ್ಲುತ್ತದೆಯೇ ಎಂದು ನೋಡಬೇಕು. ಎಳೆದು ನಿಲ್ಲಿಸಿದ ಹ್ಯಾಮರನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಅದು ಬೀಳಬಾರದು. ಒಂದು ಕೊರೆಯಲ್ಲಿ ಅನುಮಾನ ಬಂದರೂ ಆಯುಧ ಕಾರ್ಖಾನೆಗೆ ಮರಳಬೇಕು. ಬೀದಿಯ ಕಮ್ಮಾರನ ಕೈಗೆ ಕೊಡುವ ಮಾತೇ ಇಲ್ಲ. ಆಯುಧ ದುರಸ್ತಿಗೂ ಪರವಾನಗಿ ಬೇಕೆಂದು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಸೆಕ್ಷನ್ ಹೇಳುತ್ತದೆ. ಆಮೇಲೆ ಮೈದಾನದಲ್ಲಿ, ಬಲ್ಲವರ ಸಮ್ಮುಖದಲ್ಲಿ, ಯಾವ ಕೊರೆಯ ಗುಂಡು ಹೇಗೆ ಹಾರಿತೆಂದು ಬರೆದಿಟ್ಟುಕೊಂಡು ಪರೀಕ್ಷಿಸಬೇಕು. ಕಾರಣ ತಿಳಿದು, ದುರಸ್ತಿ ಅದಕ್ಕೆ ತಾಳೆಯಾಗಿ, ಪರೀಕ್ಷೆಯೂ ನಿರ್ವಿಘ್ನವಾಗಿ ಮುಗಿದರೆ ನಂಬಬಹುದು. ಕಾರಣ ತಿಳಿಯದಿದ್ದರೆ, ಪರೀಕ್ಷೆಯಲ್ಲಿ ಪಾಸಾದರೂ ನಂಬಬಾರದು.

ನಂಬದ ಆಯುಧವನ್ನು ವಿಷಯ ಮುಚ್ಚಿಟ್ಟು ಇನ್ನೊಬ್ಬ ಪರವಾನಗಿದಾರನಿಗೆ ಮಾರುವುದು ಪರಿಹಾರವಲ್ಲ, ವಂಚನೆ. ತನಗೆ ಬೇಡವಾದ ಅಪಾಯವನ್ನು ಪರರ ಮನೆಗೆ ಸಾಗಿಸಿದವನು ನಾಳೆ ಆಗುವ ಅನಾಹುತದಲ್ಲಿ ಪಾಲುದಾರನೇ ಆಗುತ್ತಾನೆ.

ಬಂದೂಕುಗಳೇ ಬೇಡವೆನ್ನುವಾಗ ಅವುಗಳ ಗುಣಮಟ್ಟದ ಚರ್ಚೆ ಏಕೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಪರವಾನಗಿಗಳು ಕಡಿಮೆಯಾದಷ್ಟೂ ಸಮಾಜಕ್ಕೆ ಒಳಿತು ಎಂಬ ಮಾತಿನಲ್ಲಿ ತಿರುಳಿದೆ. ಆದರೆ ಕೊಟ್ಟ ಪರವಾನಗಿಗಳು ಇರುವವರೆಗೆ ಆ ಆಯುಧಗಳೂ ಇರುತ್ತವೆ, ಹಳತಾಗುತ್ತವೆ, ಕೆಡುತ್ತವೆ. ನಿಷ್ಠುರವಾದ ದುರಸ್ತಿ ಪತ್ರ ಪದ್ಧತಿ ಬಂದರೆ ಎಷ್ಟೋ ಆಯುಧಗಳು ನಂಬಿಕೆಗೆ ಅನರ್ಹವೆಂದು ಮನೆಗಳಿಂದ ಹೊರಬೀಳುತ್ತವೆ. ಬಂದೂಕು ವಿರೋಧಿಗಳೂ ಇದನ್ನು ಸ್ವಾಗತಿಸಬೇಕು.

ಆಯುಧಪೂಜೆಯ ದಿನ ನಾವು ವಾಹನ, ಯಂತ್ರ, ಆಯುಧಗಳನ್ನು ತೊಳೆದು, ಕುಂಕುಮವಿಟ್ಟು, ನಿಂಬೆಹಣ್ಣು ಕೊಯ್ಯುತ್ತೇವೆ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದಂದು ಮನೆಯ ಕೋವಿ ಹೂವಿನಿಂದ ಅಲಂಕೃತವಾಗುತ್ತದೆ. ಪೂಜೆಗೂ ಮುಂಚೆ ಬಿಚ್ಚಿ ಒರೆಸಿ ನೋಡುವ ಕೆಲಸ ಆ ಆಚರಣೆಯ ಭಾಗವೇ ಎಂಬುದನ್ನು ಮರೆಯಬಾರದು. ಕಾರ್ಖಾನೆಯ ಮೊಹರು ಕುಂಕುಮದ ಬೊಟ್ಟಿನಂತಾಗಬಾರದು. ಒಳಗೆ ಏನು ಸರಿಹೋಯಿತು ಎಂಬುದನ್ನು ಅದು ಹೇಳಬೇಕು. ಹೇಳದಿದ್ದರೆ, ಕೇಳಿ ತಿಳಿಯುವುದು ಪರವಾನಗಿದಾರನ ಹಕ್ಕು ಮಾತ್ರವಲ್ಲ, ನೆರೆಹೊರೆಯವರ ಪರವಾಗಿ ಅವನ ಮೇಲಿರುವ ಕರ್ತವ್ಯ.